ಕೋಳಿ ಗಡ್ಡೆಯಿಂದ ಹೊರಟ ಒಂದು ಪುಟ

ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ 1911ರ ಜನವರಿ 21ರಂದು ಒಂದು ಪುಟದ ಪುಟ್ಟ ವರದಿ ಅಚ್ಚಾಯಿತು. ಬರೆದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಪೇಟನ್ ರೌಸ್. ಆಗ ಅವರ ವಯಸ್ಸು ಮೂವತ್ತೊಂದು. ಕೋಳಿಯ ಮೈಮೇಲಿನ ಕ್ಯಾನ್ಸರ್ ಗಡ್ಡೆಯನ್ನು ಅರೆದು, ಒಂದು ಜೀವಕೋಶವೂ ಉಳಿಯದಂತೆ ಸೋಸಿ, ಆ ತಿಳಿಯನ್ನು ಇನ್ನೊಂದು ಕೋಳಿಗೆ ಚುಚ್ಚಿದರೆ ಅದಕ್ಕೂ ಅದೇ ಗಡ್ಡೆ ಬರುತ್ತದೆ ಎಂಬುದು ವರದಿಯ ಸಾರ. ಈ ಕೆಲಸಕ್ಕೆ ನೊಬೆಲ್ ಸಿಕ್ಕಿದ್ದು 1966ರಲ್ಲಿ. ಅಷ್ಟರಲ್ಲಿ ರೌಸ್‌ಗೆ ಎಂಬತ್ತೇಳು ತುಂಬಿತ್ತು. ಅವರ ಮಗಳ ಗಂಡ ಅಲನ್ ಹಾಡ್ಜ್‌ಕಿನ್ ನರಗಳ ಮೇಲಿನ ಸಂಶೋಧನೆಗಾಗಿ 1963ರಲ್ಲೇ ನೊಬೆಲ್ ಪಡೆದಿದ್ದರು. ಅಳಿಯನ ಕೈಗೆ ಪದಕ ಬಂದ ಮೂರು ವರ್ಷಕ್ಕೆ ಮಾವನ ಸರದಿ ಬಂತು.

ಈಗ ಕ್ಯಾನ್ಸರ್ ವಿಜ್ಞಾನಿಯೊಬ್ಬರು ಕೆಲಸಕ್ಕೋ ಬಡ್ತಿಗೋ ಸಂಶೋಧನಾ ಅನುದಾನಕ್ಕೋ ಅರ್ಜಿ ಹಾಕಿದರೆ ಬಯೋಡೇಟಾದಲ್ಲಿ ಮೊದಲು ಕಣ್ಣು ಹೋಗುವುದು ನಾಲ್ಕು ಅಂಕಿಗಳ ಮೇಲೆ. ಎಷ್ಟು ಪೇಪರ್, ಎಷ್ಟು ಸೈಟೇಷನ್, ಎಚ್-ಇಂಡೆಕ್ಸ್ ಎಷ್ಟು, ಪೇಪರ್ ಬಂದ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು. ಆಯ್ಕೆ ಸಮಿತಿಯ ಮುಂದೆ ನೂರಾರು ಅರ್ಜಿಗಳಿರುತ್ತವೆ. ಪ್ರತಿಯೊಬ್ಬರ ಪೇಪರನ್ನೂ ಕೂತು ಓದಲು ಪುರುಸೊತ್ತು ಇರುವುದಿಲ್ಲ. ಅಂಕಿಗಳಿಂದ ಕೆಲಸ ಬೇಗ ಆಗುತ್ತದೆ. ಆದರೆ ಆ ಅಂಕಿಗಳು ಏನನ್ನು ಹಿಡಿಯುತ್ತವೆ, ಏನನ್ನು ಬಿಡುತ್ತವೆ ಎಂದು ತಿಳಿಯಬೇಕಿದ್ದರೆ ರೌಸ್ ಬರೆದ ಆ ಒಂದು ಪುಟ ಎಲ್ಲೆಲ್ಲಿಗೆ ಹೋಯಿತು ಎಂದು ಜಾಡು ಹಿಡಿದು ನೋಡಬೇಕು. ಕ್ಯಾನ್ಸರ್ ಸಂಶೋಧನೆಯ ಚರಿತ್ರೆಯಲ್ಲಿ ಇಷ್ಟು ದೂರ ಸಾಗಿದ ಪುಟಗಳು ಬಹಳ ಇಲ್ಲ.

1909ರಲ್ಲಿ ರೌಸ್ ಬಳಿಗೆ ಬಂದದ್ದು ಪ್ಲಿಮತ್ ರಾಕ್ ತಳಿಯ ಒಂದು ಹೇಂಟೆ. ಗರಿಯ ತುಂಬ ಕಪ್ಪು ಬಿಳಿ ಪಟ್ಟೆ. ಎದೆಯ ಬಲಭಾಗದಲ್ಲಿ ದೊಡ್ಡ ಗಡ್ಡೆ. ರೌಸ್ ಗಡ್ಡೆಯ ಚೂರುಗಳನ್ನು ತೆಗೆದು ಬೇರೆ ಕೋಳಿಗಳಿಗೆ ನಾಟಿ ಹಾಕಿದರು. ಮೊದಮೊದಲು ಅದು ಹಿಡಿದದ್ದು ಆ ಹೇಂಟೆಯ ಹತ್ತಿರದ ರಕ್ತಸಂಬಂಧದ ಕೋಳಿಗಳಲ್ಲಿ ಮಾತ್ರ. ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದ ಹಾಗೆ ಗಡ್ಡೆಯ ಸ್ವಭಾವ ಉಗ್ರವಾಯಿತು, ಬೇಗ ಬೆಳೆಯತೊಡಗಿತು, ಅದೇ ತಳಿಯ ಸಂಬಂಧವಿಲ್ಲದ ಕೋಳಿಗಳಲ್ಲೂ ಹಿಡಿಯಿತು. ಇಲ್ಲಿಯವರೆಗೆ ಅಚ್ಚರಿಯೇನೂ ಇಲ್ಲ. ಇಲಿಗಳಲ್ಲಿ ಇಂಥ ನಾಟಿಯನ್ನು ಇತರರೂ ಮಾಡಿದ್ದರು.

ಮುಂದಿನ ಹೆಜ್ಜೆಯೇ ಬೇರೆ. ರೌಸ್ ಗಡ್ಡೆಯನ್ನು ಮರಳಿನ ಜೊತೆ ಅರೆದರು, ಉಪ್ಪುದ್ರಾವಣದಲ್ಲಿ ಕಲಕಿದರು, ಯಂತ್ರದಲ್ಲಿ ಗಿರಗಿರ ತಿರುಗಿಸಿ ಭಾರದ ಚೂರುಗಳನ್ನು ತಳಕ್ಕೆ ಇಳಿಸಿದರು, ಮೇಲಿನ ತಿಳಿಯನ್ನು ಬರ್ಕ್‌ಫೆಲ್ಡ್ ಫಿಲ್ಟರಿನ ಮೂಲಕ ಹಾಯಿಸಿದರು. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪುಗಳಿಂದಾದ ಮಣ್ಣಿನಲ್ಲಿ ತಯಾರಿಸುವ ಈ ಸೋಸುಕದ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಕೂಡ ನುಸುಳಲಾರದು. ಕೋಳಿಯ ಜೀವಕೋಶ ದಾಟುವ ಮಾತೇ ಇಲ್ಲ. ಹೀಗೆ ಸೋಸಿದ ನೀರಿನಂಥ ದ್ರವದಿಂದಲೂ ಗಡ್ಡೆ ಎದ್ದಿತು. ಅಂದರೆ ಕ್ಯಾನ್ಸರನ್ನು ಹೊತ್ತು ತಂದದ್ದು ಜೀವಕೋಶಕ್ಕಿಂತ ಬಹಳ ಚಿಕ್ಕದಾದ ಇನ್ನೇನೋ. ರೌಸ್ ಅದನ್ನು ವೈರಸ್ ಎಂದು ಕರೆಯಲು ಆತುರಪಡಲಿಲ್ಲ. ಸೋಸಿದರೂ ಉಳಿಯುವ ಒಂದು ಕಾರಕ ಎಂದಷ್ಟೇ ಹೇಳಿ ನಿಲ್ಲಿಸಿದರು. ಗೊತ್ತಿರುವುದಕ್ಕಿಂತ ಒಂದು ಪದವನ್ನೂ ಹೆಚ್ಚು ಹೇಳದ ಈ ಎಚ್ಚರವೇ ಆ ವರದಿಯ ದೊಡ್ಡ ಗುಣ. ನೂರು ವರ್ಷ ದಾಟಿದ ಮೇಲೂ ಅದರಲ್ಲಿ ಹಿಂದೆ ತೆಗೆದುಕೊಳ್ಳಬೇಕಾದ ಮಾತು ಕಾಣುವುದಿಲ್ಲ.

ವರದಿಯನ್ನು ಯಾರೂ ಓದಲಿಲ್ಲ ಎಂದು ಆಮೇಲೆ ಕಥೆ ಕಟ್ಟಲಾಯಿತು. ಅದು ಪೂರ್ತಿ ನಿಜವಲ್ಲ. ಓದಿದರು, ಚರ್ಚಿಸಿದರು, ಒಪ್ಪಲು ಮಾತ್ರ ಹಿಂಜರಿದರು. ಹಿಂಜರಿಕೆಗೆ ಕಾರಣಗಳೂ ಇದ್ದವು. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ ಎಂಬುದು ವೈದ್ಯರ ದಿನನಿತ್ಯದ ಅನುಭವ. ಸೋಂಕುಕಾರಕ ಇದ್ದರೆ ರೋಗ ಅಂಟಬೇಕಲ್ಲ? ಕೋಳಿಯಲ್ಲಿ ಆದದ್ದು ಮನುಷ್ಯನಿಗೆ ಅನ್ವಯಿಸುತ್ತದೆಯೇ ಎಂಬ ಅನುಮಾನ ಬೇರೆ. ಕೋಪನ್‌ಹೇಗನ್ನಿನ ಎಲರ್‌ಮನ್ ಮತ್ತು ಬಾಂಗ್ 1908ರಲ್ಲೇ ಕೋಳಿಯ ರಕ್ತ ಕ್ಯಾನ್ಸರನ್ನು ಹೀಗೆಯೇ ಸೋಸಿದ ದ್ರವದಿಂದ ದಾಟಿಸಿ ತೋರಿಸಿದ್ದರು. ಆದರೆ ರಕ್ತದ ಆ ಕಾಯಿಲೆ ಕ್ಯಾನ್ಸರಿನ ಜಾತಿಗೆ ಸೇರಿದ್ದು ಎಂಬ ತಿಳಿವಳಿಕೆಯೇ ಆಗ ಇರಲಿಲ್ಲ. ರೌಸ್ ತಾವೇ ಇಲಿಗಳ ಗಡ್ಡೆಗಳಲ್ಲಿ ಇಂಥ ಕಾರಕವನ್ನು ಹುಡುಕಿದರು. ಸಿಗಲಿಲ್ಲ. 1915ರ ಹೊತ್ತಿಗೆ ಅವರು ಕ್ಯಾನ್ಸರ್ ಕೆಲಸವನ್ನೇ ಬದಿಗಿಟ್ಟರು.

ಪೇಪರುಗಳ ಪಟ್ಟಿಯನ್ನು ಮಾತ್ರ ನೋಡುವವರಿಗೆ ಇಲ್ಲಿ ಒಂದು ದೊಡ್ಡ ಖಾಲಿ ಕಾಣಬೇಕು: ಕ್ಯಾನ್ಸರ್ ಸಂಶೋಧಕ ಎನಿಸಿಕೊಂಡವರು ಸುಮಾರು ಎರಡು ದಶಕ ಕ್ಯಾನ್ಸರಿನ ಮೇಲೆ ಬಹುಮಟ್ಟಿಗೆ ಏನೂ ಬರೆಯಲಿಲ್ಲ. ಆ ಖಾಲಿಯಲ್ಲಿ ಏನಿತ್ತು?

ಮೊದಲನೆಯದು ರಕ್ತ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1916ರಲ್ಲಿ ರೌಸ್ ಮತ್ತು ಜೆ. ಆರ್. ಟರ್ನರ್ ಸೋಡಿಯಂ ಸಿಟ್ರೇಟ್ ಹಾಗೂ ಗ್ಲೂಕೋಸ್ ಬೆರೆಸಿದ ದ್ರಾವಣದಲ್ಲಿ ರಕ್ತಕಣಗಳನ್ನು ವಾರಗಟ್ಟಲೆ ಕೆಡದಂತೆ ಇಡಬಹುದು ಎಂದು ತೋರಿಸಿದರು. ಅಲ್ಲಿಯವರೆಗೆ ರಕ್ತ ಕೊಡುವವರು ಪಡೆಯುವವರ ಪಕ್ಕದಲ್ಲೇ ಇರಬೇಕಿತ್ತು. ರಾಕ್‌ಫೆಲ್ಲರಿನಲ್ಲೇ ಇದ್ದ ಆಸ್ವಾಲ್ಡ್ ರಾಬರ್ಟ್‌ಸನ್ 1917ರಲ್ಲಿ ಈ ದ್ರಾವಣವನ್ನು ಯುದ್ಧಭೂಮಿಗೆ ಒಯ್ದರು. ಮೊದಲೇ ಸಂಗ್ರಹಿಸಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟ ರಕ್ತವನ್ನು ಗಾಯಾಳುಗಳಿಗೆ ಕೊಟ್ಟರು. ಇವತ್ತು ಹುಬ್ಬಳ್ಳಿಯ ಶಿಬಿರದಲ್ಲೋ ಮಂಗಳೂರಿನ ಕಾಲೇಜಿನಲ್ಲೋ ರಕ್ತ ಕೊಟ್ಟವರು ಚೀಲದ ಮೇಲೆ ಸಿಪಿಡಿಎ ಎಂಬ ಅಕ್ಷರಗಳನ್ನು ನೋಡಿರಬಹುದು. ಸಿಟ್ರೇಟ್, ಫಾಸ್ಫೇಟ್, ಡೆಕ್ಸ್‌ಟ್ರೋಸ್, ಅಡೆನಿನ್. ಸಿಟ್ರೇಟಿಗೆ ಸಕ್ಕರೆ ಬೆರೆಸುವ ಉಪಾಯ ರೌಸ್-ಟರ್ನರ್ ಕಾಲದ್ದು. ಉಳಿದೆರಡು ಆಮೇಲೆ ಸೇರಿದವು. ಆ ಚೀಲದ ರಕ್ತವನ್ನು 35 ದಿನ ಇಡಬಹುದು. ರೋಗಿಗೆ ರಕ್ತ ಏರಿಸುವ ಯಾವ ದಾದಿಯೂ 1916ರ ಪೇಪರನ್ನು ಉಲ್ಲೇಖಿಸುವುದಿಲ್ಲ, ಉಲ್ಲೇಖಿಸಬೇಕಾಗಿಯೂ ಇಲ್ಲ.

ಎರಡನೆಯದು ಸಂಪಾದಕನ ಕೆಲಸ. 1920ರ ದಶಕದ ಆರಂಭದಿಂದ ಬದುಕಿನ ಕೊನೆಯವರೆಗೂ ರೌಸ್ ‘ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್’ ಪತ್ರಿಕೆಯ ಸಂಪಾದಕರಾಗಿದ್ದರು. ಬಂದ ಹಸ್ತಪ್ರತಿಯನ್ನು ಸಾಲುಸಾಲಾಗಿ ತಿದ್ದುವುದು ಅವರ ಅಭ್ಯಾಸ. ವಂಶವಾಹಿಯ ದ್ರವ್ಯ ಡಿಎನ್‌ಎ ಎಂದು ತೋರಿಸಿಕೊಟ್ಟ ಏವರಿ, ಮೆಕ್‌ಲಿಯಾಡ್, ಮೆಕಾರ್ಟಿ ಅವರ 1944ರ ಪೇಪರ್ ಅಚ್ಚಾದದ್ದು ಈ ಪತ್ರಿಕೆಯಲ್ಲಿ, ರೌಸ್ ತಿದ್ದುಪಡಿಗಳನ್ನು ಹಾದು. ಇನ್ನೊಬ್ಬರ ಬರಹವನ್ನು ಹೀಗೆ ತಿದ್ದಿ ತೀಡಿದ್ದಕ್ಕೆ ಎಚ್-ಇಂಡೆಕ್ಸಿನಲ್ಲಿ ಅಂಕವಿಲ್ಲ. ಈಗಲೂ ಬೇರೆಯವರ ಹಸ್ತಪ್ರತಿಯನ್ನು ರಾತ್ರಿ ಕೂತು ಪರಿಶೀಲಿಸುವ ವಿಜ್ಞಾನಿಗಳ ಬಯೋಡೇಟಾದಲ್ಲಿ ಆ ಶ್ರಮಕ್ಕೆ ಹೆಚ್ಚೆಂದರೆ ಒಂದು ಸಾಲು.

ಈ ಅಂಕಿಗಳ ಹುಟ್ಟಿನ ಕಥೆಗೂ ಒಂದು ಸ್ವಾರಸ್ಯವಿದೆ. ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು. ಅಮೆರಿಕದ ವಕೀಲರು ಯಾವ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ, ಎತ್ತಿಹಿಡಿದಿವೆ ಅಥವಾ ತಳ್ಳಿಹಾಕಿವೆ ಎಂದು ನೋಡಲು 19ನೇ ಶತಮಾನದಿಂದಲೇ ಒಂದು ಸೂಚಿಯನ್ನು ಬಳಸುತ್ತಿದ್ದರು. ವಿಜ್ಞಾನಕ್ಕೂ ಅಂಥದ್ದೊಂದು ಬೇಕು ಎಂಬುದು ಅವರ ವಾದ. ಒಂದು ಪೇಪರಿನಲ್ಲಿರುವ ತಪ್ಪನ್ನು ಆಮೇಲೆ ಯಾರಾದರೂ ಎತ್ತಿ ತೋರಿಸಿದ್ದಾರೆಯೇ ಎಂದು ತಿಳಿಯಲು ಅದು ನೆರವಾಗಬೇಕಿತ್ತು. 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂತು. ಹುಡುಕಲು ಮಾಡಿದ ಸಾಧನ ಕ್ರಮೇಣ ಅಳೆಯುವ ಕೋಲಾಯಿತು. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ ಕೊಟ್ಟರು. ತಲಾ ಇಪ್ಪತ್ತು ಬಾರಿಯಾದರೂ ಉಲ್ಲೇಖಗೊಂಡ ಇಪ್ಪತ್ತು ಪೇಪರುಗಳಿದ್ದರೆ ನಿಮ್ಮ ಎಚ್ 20. ಒಂದೇ ಪೇಪರ್ ಬರೆದು ಅದು ಐವತ್ತು ಸಾವಿರ ಬಾರಿ ಉಲ್ಲೇಖಗೊಂಡಿದ್ದರೂ ನಿಮ್ಮ ಎಚ್ 1.

ಇಂಪ್ಯಾಕ್ಟ್ ಫ್ಯಾಕ್ಟರಿನ ಲೆಕ್ಕ ಇನ್ನೂ ಬೇರೆ. ಅದು ಪೇಪರಿನ ಗುಣ ಹೇಳುವುದಿಲ್ಲ, ಪತ್ರಿಕೆಯ ಸರಾಸರಿ ಹೇಳುತ್ತದೆ: ಹಿಂದಿನ ಎರಡು ವರ್ಷಗಳಲ್ಲಿ ಆ ಪತ್ರಿಕೆಯಲ್ಲಿ ಬಂದ ಲೇಖನಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ. ಎರಡು ವರ್ಷ! ರೌಸ್ ಕಾರಕದೊಳಗಿನ ಗುಟ್ಟು ಬಿಚ್ಚಿಕೊಳ್ಳಲು ಅರವತ್ತೈದು ವರ್ಷ ಹಿಡಿಯಿತು.

ಕ್ಯಾನ್ಸರ್ ಕ್ಷೇತ್ರದಲ್ಲೇ ಈ ಅಂಕಿ ಹೇಗೆ ಉಬ್ಬುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ‘ಸಿಎ’ ಎಂಬ ಪತ್ರಿಕೆ. 2020ರ ಸಾಲಿನಲ್ಲಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 500 ದಾಟಿತ್ತು. ಅದೇ ಸಾಲಿನಲ್ಲಿ ‘ನೇಚರ್’ ಪತ್ರಿಕೆಯದು 50ರ ಆಸುಪಾಸು. ಕಾರಣ ಸರಳ. ಯಾವ ದೇಶದಲ್ಲಿ ಯಾವ ಕ್ಯಾನ್ಸರ್ ಎಷ್ಟು ಎಂಬ ಅಂದಾಜಿನ ಪಟ್ಟಿಗಳು ಆ ಪತ್ರಿಕೆಯಲ್ಲಿ ಬರುತ್ತವೆ. ಜಗತ್ತಿನಲ್ಲಿ ಕ್ಯಾನ್ಸರ್ ಮೇಲೆ ಪೇಪರ್ ಬರೆಯುವ ಎಷ್ಟೋ ಜನ ಮೊದಲ ಪ್ಯಾರಾದಲ್ಲೇ ಆ ಪಟ್ಟಿಯನ್ನು ಉಲ್ಲೇಖಿಸುತ್ತಾರೆ. ಪಟ್ಟಿ ಉಪಯುಕ್ತ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಹಿಂದಿನ ಕೈಗಳನ್ನೂ ನೋಡಬೇಕು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ನಮ್ಮಲ್ಲಿ ರೋಗದ ಮಾಹಿತಿ ತಾನಾಗಿ ಒಂದೆಡೆ ಬಂದು ಬೀಳುವುದಿಲ್ಲ. ನೋಂದಣಿ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ, ಲ್ಯಾಬಿನಿಂದ ಲ್ಯಾಬಿಗೆ ಹೋಗಿ ಕೇಸ್ ಶೀಟ್ ತೆಗೆಸಿ, ಬಯಾಪ್ಸಿ ವರದಿ ನೋಡಿ, ಮರಣ ನೋಂದಣಿಯೊಂದಿಗೆ ತಾಳೆ ಹಾಕಿ, ಒಬ್ಬರ ಹೆಸರು ಎರಡು ಸಲ ಸೇರದಂತೆ ತಿದ್ದಿ ಬರೆದುಕೊಳ್ಳಬೇಕು. ಭಾರತದ ಅಂದಾಜು ನಿಲ್ಲುವುದು ಇಂಥ ನೋಂದಣಿಗಳ ಮೇಲೆ. ಲಕ್ಷಗಟ್ಟಲೆ ಸೈಟೇಷನ್ ಪಡೆಯುವ ಆ ಪಟ್ಟಿಗಳ ಲೇಖಕರ ಸಾಲಿನಲ್ಲಿ ಈ ಸಿಬ್ಬಂದಿಯ ಹೆಸರು ಇರುವುದಿಲ್ಲ.

ವಿಧಾನ ಹೇಳುವ ಪೇಪರುಗಳದೂ ಇದೇ ಬಗೆ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಕ್ರಮವನ್ನು 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದರು. 2014ರಲ್ಲಿ ‘ನೇಚರ್’ ಲೆಕ್ಕ ಹಾಕಿದಾಗ ಅದು ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳೊಂದಿಗೆ ಎಲ್ಲಕ್ಕಿಂತ ಮೇಲಿತ್ತು. ಕ್ಯಾನ್ಸರ್ ಜೀವಕೋಶದ ಮುಖ್ಯ ಲಕ್ಷಣಗಳನ್ನು ಒಂದೆಡೆ ತಂದ ಹನಾಹನ್ ಮತ್ತು ವೈನ್‌ಬರ್ಗ್ ಅವರ 2000 ಮತ್ತು 2011ರ ಲೇಖನಗಳು ಹತ್ತಾರು ಸಾವಿರ ಸಲ ಉಲ್ಲೇಖಗೊಂಡಿವೆ. ಅವುಗಳಲ್ಲಿ ಹೊಸ ಪ್ರಯೋಗವಿಲ್ಲ. ಚದುರಿದ ತಿಳಿವಳಿಕೆಯನ್ನು ಜೋಡಿಸಿದ ಸಮೀಕ್ಷೆಗಳು. ಜೋಡಿಸುವುದೂ ದೊಡ್ಡ ಕೆಲಸವೇ. ಆದರೆ ಪ್ರಯೋಗ, ವಿಧಾನ, ಸಮೀಕ್ಷೆ, ಅಂಕಿಅಂಶ ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ ಒಬ್ಬ ವಿಜ್ಞಾನಿ ಇನ್ನೊಬ್ಬರಿಗಿಂತ ಮೇಲು ಎಂದು ತೀರ್ಮಾನಿಸಿದರೆ ಅನ್ಯಾಯ ಖಂಡಿತ.

ಪ್ರಶಸ್ತಿಯ ತಕ್ಕಡಿಯೂ ತಪ್ಪಿದ್ದುಂಟು. ರೌಸ್ ಹೆಸರು ನೊಬೆಲ್‌ಗೆ ಮೊದಲು ಸೂಚಿತವಾದದ್ದು 1926ರಲ್ಲಿ. ಆ ವರ್ಷದ ವೈದ್ಯಕೀಯ ನೊಬೆಲ್ ಹೋದದ್ದು ಡೆನ್ಮಾರ್ಕಿನ ಯೋಹಾನೆಸ್ ಫಿಬಿಗರ್ ಅವರಿಗೆ. ಜಿರಳೆ ತಿಂದ ಇಲಿಗಳ ಹೊಟ್ಟೆಯಲ್ಲಿ ಒಂದು ಬಗೆಯ ಹುಳುವಿನಿಂದ ಕ್ಯಾನ್ಸರ್ ಹುಟ್ಟುತ್ತದೆ ಎಂದು ಅವರು ಪ್ರತಿಪಾದಿಸಿದ್ದರು. ಬೇರೆಯವರು ಮತ್ತೆ ಮತ್ತೆ ಪರೀಕ್ಷಿಸಿದಾಗ ಆ ಗಂಟುಗಳಿಗೆ ವಿಟಮಿನ್ ಎ ಕೊರತೆಯೇ ಮುಖ್ಯ ಕಾರಣವೆಂದೂ ಅವು ನಿಜವಾದ ಕ್ಯಾನ್ಸರ್ ಅಲ್ಲವೆಂದೂ ತಿಳಿಯಿತು. ಫಿಬಿಗರ್ ಮೋಸಗಾರರಲ್ಲ, ಶ್ರದ್ಧೆಯಿಂದ ದುಡಿದವರು. ಅಂದಿನ ಮೆಚ್ಚುಗೆಯನ್ನು ಅಳೆದಿದ್ದರೆ ಅವರ ಹುಳು ರೌಸ್ ಕೋಳಿಗಿಂತ ಎಷ್ಟೋ ಮುಂದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಫಿಬಿಗರ್ ಹುಳು ಸೋತ ಪರೀಕ್ಷೆ ಇದು: ಪ್ರಯೋಗವನ್ನು ಇನ್ನೊಬ್ಬರು ಮಾಡಿ ನೋಡಿದರೂ ಅದೇ ಫಲ ಬರಬೇಕು. ಈ ಪರೀಕ್ಷೆಯಲ್ಲಿ ಇಂದಿನ ಕ್ಯಾನ್ಸರ್ ಪೇಪರುಗಳ ಸ್ಥಿತಿ ಚಿಂತೆ ಹುಟ್ಟಿಸುವಂತಿದೆ. ಆಮ್ಜೆನ್ ಔಷಧ ಕಂಪನಿಯಲ್ಲಿದ್ದ ಗ್ಲೆನ್ ಬೆಗ್ಲಿ, ಲೀ ಎಲಿಸ್ ಜೊತೆಗೂಡಿ 2012ರಲ್ಲಿ ಬರೆದ ಪ್ರಕಾರ, ಕಂಪನಿ ಮರುಪರೀಕ್ಷೆಗೆ ತೆಗೆದುಕೊಂಡ 53 ಮಹತ್ವದ ಅಧ್ಯಯನಗಳಲ್ಲಿ ಗಟ್ಟಿ ನಿಂತವು 6. ಇದೇ ಕೆಲಸವನ್ನು ಬಹಿರಂಗವಾಗಿ ಮಾಡಹೊರಟ ಇನ್ನೊಂದು ಯೋಜನೆ 2021ರಲ್ಲಿ ಫಲಿತಾಂಶ ಪ್ರಕಟಿಸಿತು. 53 ಪೇಪರುಗಳ 193 ಪ್ರಯೋಗಗಳನ್ನು ಮತ್ತೆ ಮಾಡಬೇಕೆಂಬುದು ಅವರ ಯೋಚನೆ. ಮಾಡಲಾದದ್ದು 50 ಮಾತ್ರ. ಮೂಲ ಪೇಪರುಗಳಲ್ಲಿ ವಿಧಾನದ ವಿವರ ಸಾಲದಿದ್ದುದು, ಕೇಳಿದರೂ ಕೆಲವು ಲೇಖಕರು ಕೊಡದಿದ್ದುದು ದೊಡ್ಡ ಅಡ್ಡಿಯಾಯಿತು. ಮಾಡಿ ನೋಡಿದ ಕಡೆ ಕಂಡ ಪರಿಣಾಮ ಮೂಲದಲ್ಲಿ ಹೇಳಿದ್ದಕ್ಕಿಂತ ಬಹಳ ಕಡಿಮೆ, ಮಧ್ಯಾಂಕದ ಲೆಕ್ಕದಲ್ಲಿ ಶೇ 85ರಷ್ಟು ಚಿಕ್ಕದು. ರೌಸ್ ಗಡ್ಡೆಯಾದರೋ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೋಯಿತು. ಲಂಡನ್ನಿನಲ್ಲಿ ವಿಲಿಯಂ ಗೈ 1920ರ ದಶಕದಲ್ಲಿ ಅದರ ಮೇಲೆ ದುಡಿದರು. ವ್ಯಾಖ್ಯಾನದಲ್ಲಿ ಜಗಳವಿತ್ತು, ಸೋಸಿದ ದ್ರವದಿಂದ ಗಡ್ಡೆ ಬರುತ್ತದೆ ಎಂಬಷ್ಟು ಮಾತ್ರ ಎಲ್ಲಿ ಮಾಡಿದರೂ ನಿಂತಿತು. ಒಂದು ಪೇಪರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಕ್ಯಾನ್ಸರಿಗೆ ರೌಸ್ ಮರಳಿದ್ದು 1934ರ ಸುಮಾರಿಗೆ, ಗೆಳೆಯನೊಬ್ಬನ ಉದಾರತೆಯಿಂದ. ರಾಕ್‌ಫೆಲ್ಲರಿನವರೇ ಆದ ರಿಚರ್ಡ್ ಶೋಪ್ ಕಾಡುಮೊಲಗಳ ಚರ್ಮದ ಮೇಲೆ ಕೊಂಬಿನಂತೆ ಬೆಳೆಯುವ ನರಹುಲಿಗಳಿಗೆ ವೈರಸ್ ಕಾರಣ ಎಂದು ಕಂಡುಕೊಂಡಿದ್ದರು. ಮುಂದಿನ ಕೆಲಸವನ್ನು ಅವರು ರೌಸ್‌ಗೆ ಒಪ್ಪಿಸಿದರು. ಆ ನರಹುಲಿಗಳು ಕಾಲಕ್ರಮದಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತವೆ ಎಂದು ರೌಸ್ ಮತ್ತು ಸಹೋದ್ಯೋಗಿ ಬಿಯರ್ಡ್ ತೋರಿಸಿದರು. ಆಗ ಸಸ್ತನಿಯಲ್ಲೂ ವೈರಸ್‌ನಿಂದ ಕ್ಯಾನ್ಸರ್ ಬರುವುದು ಖಚಿತವಾಯಿತು. ಕ್ಯಾನ್ಸರ್ ಒಂದೇ ಏಟಿಗೆ ಹುಟ್ಟುವುದಿಲ್ಲ, ಮೊದಲು ಬೀಜ ಬೀಳುವ ಹಂತ, ಆಮೇಲೆ ಅದನ್ನು ಬೆಳೆಸುವ ಹಂತ ಎಂಬ ವಿಂಗಡಣೆ 1940ರ ದಶಕದಲ್ಲಿ ರೂಪುಗೊಂಡದ್ದೂ ಮೊಲಗಳ ಕಿವಿಗೆ ಡಾಂಬರು ಹಚ್ಚಿ ಅವರು ನಡೆಸಿದ ಪ್ರಯೋಗಗಳಿಂದ.

ಕೋಳಿಯ ಜಾಡು ಮತ್ತೆ ಬಿಸಿಯಾದದ್ದು 1958ರಲ್ಲಿ. ಕ್ಯಾಲ್ಟೆಕ್‌ನಲ್ಲಿ ಹ್ಯಾರಿ ರೂಬಿನ್ ಮತ್ತು ವಿದ್ಯಾರ್ಥಿ ಹೊವರ್ಡ್ ಟೆಮಿನ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಳಿಯ ಕೋಶಗಳ ಮೇಲೆ ರೌಸ್ ವೈರಸ್ (ಆ ಹಳೆಯ ಕಾರಕಕ್ಕೆ ಆಗ ಬಂದಿದ್ದ ಹೆಸರು) ಹಾಕಿದರು. ವೈರಸ್ ಹೊಕ್ಕ ಕೋಶಗಳು ತಟ್ಟೆಯಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಎದ್ದು ಕಾಣತೊಡಗಿದವು. ಕ್ಯಾನ್ಸರ್ ಹುಟ್ಟುವುದನ್ನು ಇನ್ನು ಎಣಿಸಬಹುದಾಗಿತ್ತು. ಕೋಳಿ ಸಾಯುವವರೆಗೆ ಕಾಯಬೇಕಿರಲಿಲ್ಲ. ಈ ವೈರಸ್‌ನ ವಂಶವಾಹಿ ಆರ್‌ಎನ್‌ಎ. ಆದರೂ ಅದರ ಗುಣ ಕೋಶದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಉಳಿಯುವುದು ಹೇಗೆ? ಅದು ಡಿಎನ್‌ಎ ರೂಪ ತಾಳಿ ಕೋಶದ ಡಿಎನ್‌ಎಯಲ್ಲೇ ಸೇರಿಹೋಗುತ್ತದೆ ಎಂದು ಟೆಮಿನ್ 1964ರಲ್ಲಿ ಹೇಳಿದರು. ಮಾಹಿತಿ ಡಿಎನ್‌ಎಯಿಂದ ಆರ್‌ಎನ್‌ಎಗೆ ಮಾತ್ರ ಹರಿಯುತ್ತದೆ ಎಂದು ನಂಬಿದ್ದ ಕಾಲ. ಆರು ವರ್ಷ ಅವರ ಮಾತನ್ನು ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1970ರ ಜೂನ್ 27ರ ‘ನೇಚರ್’ ಸಂಚಿಕೆಯಲ್ಲಿ ಎರಡು ಪೇಪರ್ ಒಟ್ಟಿಗೆ ಬಂದವು: ಟೆಮಿನ್ ಮತ್ತು ಮಿಜುತಾನಿ ಅವರದೊಂದು, ಡೇವಿಡ್ ಬಾಲ್ಟಿಮೋರ್ ಅವರದೊಂದು. ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಯುವ ಕಿಣ್ವ ವೈರಸ್‌ನಲ್ಲೇ ಇದೆ ಎಂದು ಎರಡೂ ತೋರಿಸಿದವು. ಆ ಕಿಣ್ವವೇ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ರೌಸ್ ತೀರಿಕೊಂಡದ್ದು ಅದೇ ವರ್ಷದ ಫೆಬ್ರವರಿ 16ರಂದು.

2020ರಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಕಾದು ಕುಳಿತವರೆಲ್ಲರ ಬಾಯಲ್ಲಿ ಆರ್‌ಟಿ-ಪಿಸಿಆರ್ ಎಂಬ ಹೆಸರಿತ್ತು. ಅದರ ‘ಆರ್‌ಟಿ’ ಎಂದರೆ ಇದೇ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್. ಕೊರೊನಾ ವೈರಸ್‌ನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ತಿರುಗಿಸದೆ ಆ ಪರೀಕ್ಷೆ ಮುಂದಕ್ಕೆ ಹೋಗುವುದಿಲ್ಲ. ಕೋಳಿಯ ಗಡ್ಡೆಯನ್ನು ಸೋಸಿದ ಪ್ರಯೋಗದ ಫಲ ನೂರೊಂಬತ್ತು ವರ್ಷದ ಮೇಲೆ ಜಿಲ್ಲಾಸ್ಪತ್ರೆಯ ಲ್ಯಾಬಿಗೆ ಬಂದ ದಾರಿ ಇದು.

ಇನ್ನೊಂದು ಕವಲು ಕ್ಯಾನ್ಸರಿನ ಒಳಕ್ಕೇ ಹೋಯಿತು. ರೌಸ್ ವೈರಸ್‌ನಲ್ಲಿ ಕೋಶವನ್ನು ಕೆಡಿಸುವುದು ಒಂದೇ ಒಂದು ಜೀನ್ ಎಂದು 1970ರ ಆಸುಪಾಸಿನಲ್ಲಿ ಗೊತ್ತಾಯಿತು. ಆ ಕೋಳಿ ಗಡ್ಡೆಯ ಜಾತಿಯಾದ ಸಾರ್ಕೋಮಾ ಎಂಬ ಹೆಸರಿನಿಂದ ಅದನ್ನು ‘ಸಾರ್ಕ್’ ಎಂದು ಕರೆದರು. ಆ ಜೀನ್ ವೈರಸ್‌ಗೆ ಎಲ್ಲಿಂದ ಬಂತು? ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೈಕಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ತಂಡ ಆರೋಗ್ಯವಂತ ಹಕ್ಕಿಗಳ ಡಿಎನ್‌ಎಯಲ್ಲಿ ಅದನ್ನು ಹುಡುಕಿತು. ಕೋಳಿಯಲ್ಲಿ ಸಿಕ್ಕಿತು. ಕೌಜುಗ, ಟರ್ಕಿ, ಬಾತು, ಕೊನೆಗೆ ಎಮುವಿನಲ್ಲೂ ಸಿಕ್ಕಿತು. ವೈರಸ್ ಎಂದೋ ಕೋಳಿಯ ಕೋಶದಿಂದಲೇ ಆ ಜೀನ್ ಕದ್ದಿತ್ತು. ಕ್ಯಾನ್ಸರಿನ ಬೀಜ ಹೊರಗಿನಿಂದ ಬರಬೇಕಾಗಿಲ್ಲ, ನಮ್ಮದೇ ಜೀನ್‌ಗಳು ಕೆಟ್ಟರೆ ಸಾಕು ಎಂಬ ಈ 1976ರ ಪೇಪರಿಗಾಗಿ ಬಿಷಪ್ ಮತ್ತು ವಾರ್ಮಸ್ 1989ರಲ್ಲಿ ನೊಬೆಲ್ ಪಡೆದರು. ಪೇಪರಿನ ಮೊದಲ ಲೇಖಕ ಫ್ರಾನ್ಸಿನ ಡೊಮಿನಿಕ್ ಸ್ಟೆಹ್‌ಲಾನ್. ಪ್ರಯೋಗವನ್ನು ಕೈಯಾರೆ ಮಾಡಿದ ತಮ್ಮನ್ನು ಬಿಟ್ಟದ್ದು ಸರಿಯಲ್ಲ ಎಂದು ಅವರು ಬಹಿರಂಗವಾಗಿಯೇ ಪ್ರತಿಭಟಿಸಿದರು. ಹೆಸರಿನ ಸರದಿಯಲ್ಲಿ ಮೊದಲಿದ್ದರೂ ಪ್ರಶಸ್ತಿಯಲ್ಲಿ ಇಲ್ಲ. ಯುವ ಸಂಶೋಧಕರನ್ನು ಇವತ್ತಿಗೂ ಕಾಡುವ ಪ್ರಶ್ನೆ ಇದು.

ಸಾರ್ಕ್ ಮಾಡುವ ಕೆಲಸವೇನು ಎಂಬ ಹುಡುಕಾಟದಲ್ಲಿ ಒಂದು ಚಿಕ್ಕ ಘಟನೆ ನಡೆಯಿತು. 1979ರಲ್ಲಿ ಸಾಕ್ ಇನ್‌ಸ್ಟಿಟ್ಯೂಟಿನಲ್ಲಿ ಟೋನಿ ಹಂಟರ್ ಇನ್ನೊಂದು ಕ್ಯಾನ್ಸರ್ ವೈರಸ್‌ನ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತ ಹೊಸ ಬಫರ್ ದ್ರಾವಣ ತಯಾರಿಸದೆ ಹಳೆಯದನ್ನೇ ಬಳಸಿದರು. ಇಟ್ಟಿದ್ದ ದ್ರಾವಣದ ಆಮ್ಲೀಯತೆ ಸ್ವಲ್ಪ ಏರಿತ್ತು. ಅದರಿಂದಾಗಿ, ಹೊಸ ದ್ರಾವಣದಲ್ಲಿ ಒಂದೇ ಚುಕ್ಕೆಯಾಗಿ ಬೆರೆತುಹೋಗಬೇಕಿದ್ದ ಎರಡು ವಸ್ತುಗಳು ಬೇರೆ ಬೇರೆ ಚುಕ್ಕೆಗಳಾಗಿ ನಿಂತವು. ಟೈರೊಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸುವ ಕಿಣ್ವಗಳಿವೆ ಎಂದು ಮೊದಲ ಸಲ ತಿಳಿದದ್ದು ಹಾಗೆ. ಸಾರ್ಕ್ ಕೂಡ ಅಂಥದೇ ಕಿಣ್ವ ಎಂದು ಹಂಟರ್ ಮತ್ತು ಸಹೋದ್ಯೋಗಿ ಸೆಫ್ಟನ್ 1980ರಲ್ಲಿ ತೋರಿಸಿದರು. ದೀರ್ಘಕಾಲದ ಮೈಲಾಯ್ಡ್ ರಕ್ತ ಕ್ಯಾನ್ಸರಿಗೆ ಕಾರಣವಾಗುವ ‘ಏಬಲ್’ ಅದೇ ಕುಟುಂಬದ್ದು. ಅದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುತ್ತಿದ್ದ ಕಾಯಿಲೆ ದಿನಕ್ಕೊಂದು ಮಾತ್ರೆಯ ಬಲದಲ್ಲಿ ಸಂಸಾರ ನಡೆಸಿಕೊಂಡು ಹೋಗಬಹುದಾದ ಕಾಯಿಲೆಯಾಯಿತು. ಭಾರತದಲ್ಲಿ ಈ ಮಾತ್ರೆಯ ಪೇಟೆಂಟ್ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಮನವಿ ವಜಾ ಆಯಿತು. ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿದ್ದ ಕಡೆ ದೇಶೀ ಜೆನೆರಿಕ್ ಹತ್ತು ಸಾವಿರದೊಳಗೆ ಸಿಗುವುದು ಮುಂದುವರಿಯಿತು. ರೋಗಿಯ ಮನೆಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಇಂಪ್ಯಾಕ್ಟ್ ಇಲ್ಲ.

ಇಷ್ಟಾಗಿ ಕೆಟ್ಟ ಜೀನ್‌ನ ಈ ಮಾತನ್ನು ರೌಸ್ ತಾವೇ ನಂಬುತ್ತಿದ್ದರೇ? ಇಲ್ಲ. ದೇಹದ ಕೋಶಗಳ ಜೀನ್ ಕೆಟ್ಟು ಕ್ಯಾನ್ಸರ್ ಬರುತ್ತದೆ ಎಂಬ ವಾದವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ನೊಬೆಲ್ ಉಪನ್ಯಾಸದಲ್ಲೂ ಅದರ ವಿರುದ್ಧವೇ ಮಾತಾಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರದೇ ವೈರಸ್ ಆ ವಾದಕ್ಕೆ ಬಲವಾದ ಸಾಕ್ಷಿ ಕೊಟ್ಟಿತು. ಬರೆದವನ ನಂಬಿಕೆಯನ್ನೂ ದಾಟಿ ಪ್ರಯೋಗ ಬದುಕಬಲ್ಲದು. ಎಚ್ಚರದಿಂದ ಮಾಡಿ, ಕಂಡದ್ದನ್ನಷ್ಟೇ ಬರೆದಿದ್ದರಿಂದ ಇದು ಸಾಧ್ಯವಾಯಿತು.

ಅಂಕಿಗಳ ಹಿಡಿತ ಸಡಿಲಿಸುವ 2012ರ ಪ್ರಯತ್ನವೂ ಸ್ಯಾನ್‌ಫ್ರಾನ್ಸಿಸ್ಕೋದಿಂದಲೇ ಹೊರಟಿತು. ಕೋಶವಿಜ್ಞಾನಿಗಳ ವಾರ್ಷಿಕ ಸಭೆಯಲ್ಲಿ ರೂಪುಗೊಂಡ ಡೋರಾ ಘೋಷಣೆ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಯ ಗುಣ ಅಳೆಯಲು ಬಳಸಬೇಡಿ ಎಂದು ಕೇಳಿಕೊಂಡಿತು. ನಮ್ಮಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್ಲಿನಲ್ಲಿ ಪೇಪರ್ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ನಕಲಿ ಜರ್ನಲ್‌ಗಳಿಗೆ ಆ ಕಡ್ಡಾಯದಿಂದ ಸುಗ್ಗಿಯಾಗಿತ್ತು. ಅರ್ಜಿದಾರರು ತಮ್ಮ ಅತ್ಯುತ್ತಮ ಎನಿಸಿದ ಮೂರೋ ನಾಲ್ಕೋ ಪೇಪರ್ ಕೊಡಲಿ, ಸಮಿತಿ ಅವನ್ನು ಓದಲಿ ಎಂಬ ಕ್ರಮ ಕೆಲವೆಡೆ ಬರುತ್ತಿದೆ. ಅದು ನಿಧಾನದ, ದುಬಾರಿ ಕ್ರಮ. ಆದರೂ ಎಲ್ಲ ಕಡೆ ಅದೇ ಬರಬೇಕು. ಒಂದು ಪುಟದ ವರದಿ ಬರೆದವರಿಗೂ ಆಗ ನ್ಯಾಯ ಸಿಗುತ್ತದೆ.

1911ರ ಪುಟದ ಖಾತೆ ಇನ್ನೂ ಮುಚ್ಚಿಲ್ಲ. ಸಾರ್ಕ್ ಕಿಣ್ವವನ್ನು ತಡೆಯುವ ಡಾಸಾಟಿನಿಬ್ 2006ರಲ್ಲಿ, ಬೊಸುಟಿನಿಬ್ 2012ರಲ್ಲಿ ಬಳಕೆಗೆ ಬಂದವು. ಎರಡೂ ಬಳಕೆಯಾಗುತ್ತಿರುವುದು ರಕ್ತ ಕ್ಯಾನ್ಸರಿನಲ್ಲಿ, ಅದೂ ಮುಖ್ಯವಾಗಿ ಏಬಲ್ ಕಿಣ್ವವನ್ನು ತಡೆಯುವ ಗುಣಕ್ಕಾಗಿ. ಸಾರ್ಕ್ ಮೊದಲು ಸಿಕ್ಕಿದ್ದು ಗಟ್ಟಿ ಗಡ್ಡೆಯಲ್ಲಿ. ಆದರೆ ಸ್ತನ, ಪ್ರಾಸ್ಟೇಟ್‌ನಂಥ ಗಟ್ಟಿ ಗಡ್ಡೆಗಳ ಕ್ಯಾನ್ಸರಿನಲ್ಲಿ ಅದನ್ನು ತಡೆದು ನೋಡಿದ ಚಿಕಿತ್ಸಾ ಪರೀಕ್ಷೆಗಳು ನಿರೀಕ್ಷಿಸಿದ ಫಲ ಕೊಟ್ಟಿಲ್ಲ. ಒಂದು ಕಿಣ್ವಕ್ಕೆ ತಡೆ ಒಡ್ಡಿದರೆ ಗಡ್ಡೆಯ ಕೋಶಗಳು ಬೇರೆ ಕಿಣ್ವಗಳ ದಾರಿ ಹಿಡಿಯುತ್ತವೆ. ಯಾವ ರೋಗಿಯ ಗಡ್ಡೆ ಸಾರ್ಕ್ ಅನ್ನು ನೆಚ್ಚಿಕೊಂಡಿದೆ ಎಂದು ಮೊದಲೇ ತಿಳಿಯುವುದು ಹೇಗೆ, ಅದರ ಜೊತೆಗೆ ಇನ್ನಾವ ಔಷಧ ಸೇರಿಸಬೇಕು ಎಂಬ ಪ್ರಶ್ನೆಗಳ ಮೇಲೆ ಪ್ರಯೋಗಾಲಯಗಳು ಈಗಲೂ ದುಡಿಯುತ್ತಿವೆ.